ಫ್ಯೂಷನ್ ರಿಯಾಕ್ಟರ್‌ನ ಒಳಗೋಡೆ ಶಾಖಕ್ಕೆ ಹೇಗೆ ಕೆಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಯೂಷನ್, ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ವಿಧಾನದ ಸುದ್ದಿಗಳಲ್ಲಿ ಯಾವಾಗಲೂ ಎರಡು ಅಂಕಿಗಳು ಇರುತ್ತವೆ. ಪ್ಲಾಸ್ಮಾ (ಪರಮಾಣುಗಳು ಒಡೆದು ವಿದ್ಯುದಾವೇಶದ ಕಣಗಳಾಗಿರುವ ಅತಿ ಬಿಸಿ ಅನಿಲ) ಎಷ್ಟು ಕೋಟಿ ಡಿಗ್ರಿ ಮುಟ್ಟಿತು, ಎಷ್ಟು ಸೆಕೆಂಡ್ ನಿಂತಿತು. ಅದರ ಎದುರಿಗಿದ್ದ ಗೋಡೆ ಏನಾಯಿತು ಎಂದು ಬರೆಯುವವರು ಕಡಿಮೆ. ವಿದ್ಯುತ್ ಕೊಡಬೇಕಾದ ರಿಯಾಕ್ಟರ್ ತಿಂಗಳುಗಟ್ಟಲೆ ನಿಲ್ಲದೆ ಓಡಬೇಕು. ಅಷ್ಟು ಕಾಲ ಗೋಡೆ ತಾಳದಿದ್ದರೆ ಪ್ಲಾಸ್ಮಾ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಇಲ್ಲಿನ ಉತ್ತರಗಳು ಮುಖ್ಯವಾಗಿ ಟೋಕಮಾಕ್ ಬಗ್ಗೆ, ಅಂದರೆ ಪ್ಲಾಸ್ಮಾವನ್ನು ಉಂಗುರದ ಆಕಾರದಲ್ಲಿ ಕಾಂತಕ್ಷೇತ್ರದಿಂದ ಹಿಡಿದಿಡುವ ಯಂತ್ರದ ಬಗ್ಗೆ. ಈವರೆಗಿನ ಅನುಭವದ ಬಹುಪಾಲು ಬಂದಿರುವುದು ಅದರಿಂದಲೇ.

ಪ್ಲಾಸ್ಮಾ 15 ಕೋಟಿ ಡಿಗ್ರಿ ಇರುತ್ತದೆ ಅಂತಾರೆ. ಗೋಡೆ ತಕ್ಷಣ ಆವಿಯಾಗುವುದಿಲ್ಲ ಯಾಕೆ?

ತಾಪಮಾನ ಬೇರೆ, ಶಾಖದ ಪ್ರಮಾಣ ಬೇರೆ. ಕಬ್ಬಿಣಕ್ಕೆ ಸಾಣೆ ಹಿಡಿಯುವಾಗ ಹಾರುವ ಕಿಡಿ ಕೈಗೆ ತಾಗಿದರೆ ಅಷ್ಟೇನೂ ಸುಡುವುದಿಲ್ಲ, ಒಂದು ಲೋಟ ಕುದಿಯುವ ನೀರು ಬಿದ್ದರೆ ಬೊಬ್ಬೆ ಏಳುತ್ತದೆ. ಕಿಡಿ ತುಂಬಾ ಬಿಸಿ, ಆದರೆ ಅದರಲ್ಲಿ ಇರುವ ಶಾಖ ಸ್ವಲ್ಪವೇ. ಪ್ಲಾಸ್ಮಾ ಕೂಡ ಹಾಗೇ. ನಾವು ಉಸಿರಾಡುವ ಗಾಳಿಗಿಂತ ಅದರ ಕಣಗಳ ಸಾಂದ್ರತೆ ಸುಮಾರು ಎರಡೂವರೆ ಲಕ್ಷ ಪಟ್ಟು ಕಡಿಮೆ. ಫ್ರಾನ್ಸ್‌ನ ದಕ್ಷಿಣ ಭಾಗದಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದ ಪ್ಲಾಸ್ಮಾ 800 ಘನ ಮೀಟರ್‌ಗಿಂತ ದೊಡ್ಡದು. ಅದರಲ್ಲಿ ಇರುವ ಇಂಧನ ಒಂದು ಗ್ರಾಂ ಕೂಡ ಆಗುವುದಿಲ್ಲ. ಜೊತೆಗೆ ಕಾಂತಕ್ಷೇತ್ರ ಅದನ್ನು ಗೋಡೆಯಿಂದ ದೂರ ಹಿಡಿದಿರುತ್ತದೆ.

ಹಾಗಂತ ಅದನ್ನು ಕಡೆಗಣಿಸುವಂತೆಯೂ ಇಲ್ಲ. ಐಟರ್ ಪ್ಲಾಸ್ಮಾದಲ್ಲಿ ಕೂಡಿರುವ ಶಾಖ ಸುಮಾರು 350 ಮೆಗಾಜೂಲ್. ಅಷ್ಟರಲ್ಲಿ ಅರ್ಧ ಟನ್ ತಾಮ್ರ ಕರಗಿಸಬಹುದು. ಅದು ನಿಧಾನಕ್ಕೆ, ಎಲ್ಲ ಕಡೆ ಹರಡಿ ಹೊರಬಂದರೆ ತೊಂದರೆ ಇಲ್ಲ. ಒಂದೇ ಕಡೆ, ಒಂದೇ ಸಲ ಬಿದ್ದರೆ ಗೋಡೆ ಕೆಡುತ್ತದೆ.

ಆ ಶಾಖ ಎಲ್ಲಿಗೆ ಹೋಗುತ್ತದೆ?

ಐಟರ್ ಲೆಕ್ಕವನ್ನೇ ನೋಡೋಣ. ಹೈಡ್ರೋಜನ್‌ನ ಭಾರದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಸೇರಿದಾಗ ಬರುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ನ್ಯೂಟ್ರಾನ್‌ಗಳದ್ದು. ಯಂತ್ರ 500 ಮೆಗಾವಾಟ್ ಫ್ಯೂಷನ್ ಶಕ್ತಿ ಕೊಟ್ಟರೆ ಅದರಲ್ಲಿ 400 ಮೆಗಾವಾಟ್ ನ್ಯೂಟ್ರಾನ್‌ಗಳ ಜೊತೆ ಗೋಡೆಯ ಒಳಗೆ ಆಳವಾಗಿ ನುಗ್ಗಿ ಹರಡಿಕೊಳ್ಳುತ್ತದೆ. ಉಳಿದ 100 ಮೆಗಾವಾಟ್ ಹೀಲಿಯಂ ಕಣಗಳ ಮೂಲಕ ಪ್ಲಾಸ್ಮಾದಲ್ಲೇ ಉಳಿಯುತ್ತದೆ. ಹೊರಗಿಂದ ಕೊಡುವ ತಾಪನ ಇನ್ನೊಂದು 50. ಈ 150 ಮೆಗಾವಾಟ್ ಕೊನೆಗೆ ಗೋಡೆಯ ಮೇಲ್ಮೈಗೇ ಬಂದು ಸೇರಬೇಕು.

ಇದನ್ನು 600ಕ್ಕೂ ಹೆಚ್ಚು ಚದರ ಮೀಟರ್ ಒಳಗೋಡೆಗೆ ಸಮನಾಗಿ ಹಂಚಿದರೆ ಚದರ ಮೀಟರ್‌ಗೆ ಕಾಲು ಮೆಗಾವಾಟ್ ಕೂಡ ಬರುವುದಿಲ್ಲ. ಸುಲಭದ ಕೆಲಸ ಅನ್ನಿಸುತ್ತದೆ ಅಲ್ವಾ? ಆದರೆ ಪ್ಲಾಸ್ಮಾದಿಂದ ಸೋರುವ ಕಣಗಳು ಕಾಂತರೇಖೆಗಳನ್ನು ಹಿಡಿದೇ ಓಡುತ್ತವೆ, ಕಂಡಲ್ಲಿ ಹೋಗುವುದಿಲ್ಲ. ಆ ರೇಖೆಗಳನ್ನು ಯಂತ್ರದ ತಳದ ಕಡೆ ತಿರುಗಿಸಿರುತ್ತಾರೆ. ಅಲ್ಲಿ ಡೈವರ್ಟರ್ ಎಂಬ ಭಾಗ ಇದೆ. ಶಾಖವನ್ನೂ ಫ್ಯೂಷನ್ ಆದ ಮೇಲೆ ಉಳಿಯುವ ಹೀಲಿಯಂ ‘ಬೂದಿ’ಯನ್ನೂ ತೆಗೆದುಕೊಳ್ಳುವುದು ಅದರ ಕೆಲಸ. ಅಲ್ಲಿಗೆ ಹರಿದುಬರುವ ಪದರ ಬಹಳ ತೆಳು. ಇವತ್ತಿನ ಯಂತ್ರಗಳ ಅಳತೆಗಳನ್ನು ಐಟರ್‌ಗೆ ಹೊಂದಿಸಿದರೆ ಅದರ ದಪ್ಪ ಒಂದು ಮಿಲಿಮೀಟರ್ ಆಸುಪಾಸು ಬರುತ್ತದೆ. ಡೈವರ್ಟರ್ ತಲುಪುವ ಹೊತ್ತಿಗೆ ಅದು ಕೆಲವು ಸೆಂಟಿಮೀಟರ್ ಅಗಲ ಆಗುತ್ತದೆ, ಅಷ್ಟೇ. ಹೀಗಾಗಿ ದೊಡ್ಡ ಪಾಲು ಶಾಖ ಬೆರಳೆಣಿಕೆಯಷ್ಟು ಚದರ ಮೀಟರ್ ಜಾಗಕ್ಕೆ ಬೀಳುತ್ತದೆ. ಗೋಡೆಯ ಸರಾಸರಿ ಲೆಕ್ಕ ಹೇಳಿ ಸಮಾಧಾನ ಮಾಡುವವರನ್ನು ನಾನು ನಂಬುವುದಿಲ್ಲ. ಕೆಡುವುದು ಯಾವಾಗಲೂ ಅತಿ ಹೆಚ್ಚು ಶಾಖ ಬೀಳುವ ಆ ಸಣ್ಣ ಪಟ್ಟಿ.

ಚದರ ಮೀಟರ್‌ಗೆ 10 ಮೆಗಾವಾಟ್ ಅಂದರೆ ಎಷ್ಟು ಜಾಸ್ತಿ?

ಸೂರ್ಯನ ಮೇಲ್ಮೈಯ ಪ್ರತಿ ಚದರ ಮೀಟರ್‌ನಿಂದ ಹೊರಡುವ ಶಕ್ತಿ ಸುಮಾರು 63 ಮೆಗಾವಾಟ್. ಐಟರ್ ಡೈವರ್ಟರ್ ಅದರ ಆರನೇ ಒಂದು ಭಾಗದಷ್ಟನ್ನು, ಅಂದರೆ 10 ಮೆಗಾವಾಟನ್ನು, ಎಡೆಬಿಡದೆ ತಾಳಬೇಕು. ಕೆಲವು ಸೆಕೆಂಡುಗಳ ಮಟ್ಟಿಗೆ 20 ಮೆಗಾವಾಟ್ ಕೂಡ ತಾಳಬೇಕು.

ಇಷ್ಟು ಶಾಖ ಒಂದು ಲೋಹದ ಮೂಲಕ ಹಾಯುವಾಗ ಏನಾಗುತ್ತದೆ ಎಂದು ಲೆಕ್ಕ ಹಾಕಿದರೆ ಕಷ್ಟ ಅರ್ಥವಾಗುತ್ತದೆ. ಐಟರ್ ಡೈವರ್ಟರ್‌ನ ಲೋಹವಾದ ಟಂಗ್‌ಸ್ಟನ್ ಬಿಸಿಯಾಗಿರುವಾಗ ಅದರಲ್ಲಿ 10 ಮೆಗಾವಾಟ್ ಹರಿದರೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 80 ಡಿಗ್ರಿ ವ್ಯತ್ಯಾಸ ಬರುತ್ತದೆ. ಮೇಲ್ಮೈಯಿಂದ ತಂಪು ನೀರಿನ ಕೊಳವೆಗೆ ಆರೇಳು ಮಿಲಿಮೀಟರ್ ದೂರ ಇದ್ದರೆ ಅಷ್ಟರಲ್ಲೇ ಐದಾರು ನೂರು ಡಿಗ್ರಿ. 20 ಮೆಗಾವಾಟ್ ಆದರೆ ಅದರ ಎರಡು ಪಟ್ಟು. ಗೋಡೆಯನ್ನು ಸುಮ್ನೆ ದಪ್ಪ ಮಾಡಿದರೆ ಗಟ್ಟಿಯಾಗುತ್ತದೆ ಎಂದು ಅನೇಕರು ಅಂದುಕೊಳ್ಳುತ್ತಾರೆ. ಇಲ್ಲಿ ದಪ್ಪ ಮಾಡಿದಷ್ಟೂ ಮೇಲ್ಮೈ ಇನ್ನಷ್ಟು ಕಾಯುತ್ತದೆ.

ಟಂಗ್‌ಸ್ಟನ್ನೇ ಯಾಕೆ? ಬೇರೆ ಏನೂ ಸಿಗಲಿಲ್ಲವೇ?

ಬೇರೆಯದನ್ನು ಬಳಸಿ ನೋಡಿದ ಮೇಲೆಯೇ ಇಲ್ಲಿಗೆ ಬಂದದ್ದು. ಬಹಳ ವರ್ಷ ಇಂಗಾಲದ ಹೆಂಚುಗಳನ್ನು ಹಾಕುತ್ತಿದ್ದರು. ಇಂಗಾಲ ಕರಗುವುದಿಲ್ಲ. ಅತಿ ಬಿಸಿಯಾದರೆ ನೇರವಾಗಿ ಆವಿಯಾಗುತ್ತದೆ. ಅದರ ಚೂರು ಪ್ಲಾಸ್ಮಾಕ್ಕೆ ಬೆರೆತರೂ ದೊಡ್ಡ ಹಾನಿ ಇಲ್ಲ. ಶಾಖದ ದೃಷ್ಟಿಯಿಂದ ನೋಡಿದರೆ ಅದು ತುಂಬಾ ಒಳ್ಳೆಯ ವಸ್ತು. ಆದರೆ ಹೈಡ್ರೋಜನ್ ಜೊತೆ ಅದು ಸುಲಭವಾಗಿ ಸೇರಿಕೊಳ್ಳುತ್ತದೆ. ಗೋಡೆ ಸವೆದು, ಸವೆದ ಇಂಗಾಲ ಬೇರೆ ಕಡೆ ಪದರವಾಗಿ ಕೂತು, ಆ ಪದರದಲ್ಲಿ ವಿಕಿರಣಶೀಲ ಟ್ರಿಟಿಯಂ ಸಿಕ್ಕಿಹಾಕಿಕೊಳ್ಳುತ್ತದೆ. ಟ್ರಿಟಿಯಂ ಅಪರೂಪದ ಇಂಧನ, ಗೋಡೆಗೆ ಕಳೆದುಕೊಳ್ಳುವಂತಿಲ್ಲ.

ಬೆರಿಲಿಯಂ ಹಗುರ, ಪ್ಲಾಸ್ಮಾಕ್ಕೆ ಹಿತ. ಆದರೆ 1,287 ಡಿಗ್ರಿಗೇ ಕರಗುತ್ತದೆ, ಅದರ ಧೂಳು ವಿಷ. ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ ಯಂತ್ರ 2011ರಲ್ಲಿ ಇಂಗಾಲ ಬಿಟ್ಟು ಬೆರಿಲಿಯಂ ಗೋಡೆ, ಟಂಗ್‌ಸ್ಟನ್ ಡೈವರ್ಟರ್‌ಗೆ ಬದಲಾಯಿತು. ಗೋಡೆಯಲ್ಲಿ ಉಳಿಯುವ ಇಂಧನ ಬಹಳ ಕಡಿಮೆಯಾಯಿತು. ಐಟರ್ ಕೂಡ ಮೊದಲು ಇದೇ ಜೋಡಿಯನ್ನು ಆರಿಸಿತ್ತು. 2023ರಲ್ಲಿ ಬೆರಿಲಿಯಂ ಕೈಬಿಟ್ಟು ಇಡೀ ಒಳಗೋಡೆಗೆ ಟಂಗ್‌ಸ್ಟನ್ ಹಾಕುವ ಕಡೆಗೆ ಹೊರಳಿತು.

ಟಂಗ್‌ಸ್ಟನ್ 3,422 ಡಿಗ್ರಿಯವರೆಗೆ ಕರಗುವುದಿಲ್ಲ. ಬೇರೆ ಯಾವ ಲೋಹವೂ ಅಷ್ಟು ತಾಳುವುದಿಲ್ಲ. ಕಣಗಳ ಹೊಡೆತಕ್ಕೆ ನಿಧಾನವಾಗಿ ಸವೆಯುತ್ತದೆ, ಟ್ರಿಟಿಯಂ ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಕೊರತೆ ಒಂದಿದೆ. ಅದು ಭಾರದ ಪರಮಾಣು. ಲಕ್ಷ ಕಣಗಳಲ್ಲಿ ಕೆಲವೇ ಕೆಲವು ಟಂಗ್‌ಸ್ಟನ್ ಪರಮಾಣುಗಳು ಪ್ಲಾಸ್ಮಾದ ನಡುವಿಗೆ ಹೋದರೂ ಬೆಳಕಾಗಿ ಶಕ್ತಿಯನ್ನು ಹೊರಚೆಲ್ಲಿ ಪ್ಲಾಸ್ಮಾವನ್ನು ತಣ್ಣಗಾಗಿಸಿಬಿಡುತ್ತವೆ.

ಕರಗುವ ಬಿಂದು 3,422 ಡಿಗ್ರಿ ಇದ್ದರೆ, ಅದಕ್ಕಿಂತ ಕೆಳಗೆ ಚಿಂತೆ ಇಲ್ಲ ತಾನೇ?

ಇದೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಮೇಲ್ಮೈ ಕಾದಾಗ ಹಿಗ್ಗಲು ನೋಡುತ್ತದೆ. ಕೆಳಗಿನ ಭಾಗ ತಂಪಾಗಿರುವುದರಿಂದ ಅದು ಹಿಗ್ಗಲು ಬಿಡುವುದಿಲ್ಲ. ಮೇಲಿನ ಪದರ ಅಲ್ಲೇ ಒತ್ತಿಕೊಂಡು ಶಾಶ್ವತವಾಗಿ ಆಕಾರ ಬದಲಿಸಿಕೊಳ್ಳುತ್ತದೆ. ಆಮೇಲೆ ತಣ್ಣಗಾಗುವಾಗ ಕುಗ್ಗಬೇಕು. ಈಗ ಅದು ತನ್ನ ಜಾಗ ತುಂಬಲು ಸಾಲದೆ ಎಳೆತ ಬರುತ್ತದೆ. ಬಿರುಕು ಬಿಡುವುದು ಈ ಎಳೆತದಲ್ಲಿ. ಅಂದರೆ ಕಾಯುವಾಗ ಆದ ಹಾನಿ ಆರುವಾಗ ಬಾಯಿ ಬಿಡುತ್ತದೆ. ಒಂದು ಸಲಕ್ಕೆ ಏನೂ ಕಾಣುವುದಿಲ್ಲ. ಸಾವಿರಾರು ಸಲ ಕಾದು ಆರಿದ ಮೇಲೆ ಕಾಣುತ್ತದೆ.

ಟಂಗ್‌ಸ್ಟನ್‌ನ ಗುಣ ಇದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಕೆಲವು ನೂರು ಡಿಗ್ರಿಗಿಂತ ಕೆಳಗೆ ಅದು ಪೆಡಸು. ಬಾಗುವುದಿಲ್ಲ, ಸೀಳುತ್ತದೆ. ತುಂಬಾ ಕಾಯಿಸಿದರೆ ಬೇರೆ ಕಷ್ಟ. ಸುಮಾರು 1,200–1,300 ಡಿಗ್ರಿ ದಾಟಿ ಬಹಳ ಹೊತ್ತು ಇದ್ದರೆ ಒಳಗಿನ ಹರಳುಗಳು ಹೊಸದಾಗಿ ಕಟ್ಟಿಕೊಂಡು ದೊಡ್ಡದಾಗುತ್ತವೆ. ಇದಕ್ಕೆ ಮರುಹರಳುಗಟ್ಟುವಿಕೆ ಎನ್ನುತ್ತಾರೆ. ಲೋಹವನ್ನು ಬಡಿದು, ಲಟ್ಟಿಸಿ ತಂದಿದ್ದ ಗಟ್ಟಿತನ ಅದರೊಂದಿಗೆ ಹೋಗುತ್ತದೆ. ಹೀಗಾಗಿ ಟಂಗ್‌ಸ್ಟನ್ನನ್ನು ನೆಮ್ಮದಿಯಿಂದ ಬಳಸಬಹುದಾದ ಕಿಟಕಿ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಿರಿದು. 10 ಮೆಗಾವಾಟ್ ಬಿದ್ದಾಗ ಮೇಲ್ಮೈ 1,000 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. 20 ಬಿದ್ದರೆ 2,000ದ ಹತ್ತಿರ ಹೋಗುತ್ತದೆ. ಕರಗುವ ಬಿಂದು ಇನ್ನೂ ದೂರ ಇದೆ, ಆದರೆ ಹರಳುಗಳು ಆಗಲೇ ಬದಲಾಗಿರುತ್ತವೆ.

ಇನ್ನು ಒಳಗಿನ ಕೊಳವೆ. ಐಟರ್ ಡೈವರ್ಟರ್‌ನಲ್ಲಿ ಪ್ರತಿ ಟಂಗ್‌ಸ್ಟನ್ ಗಟ್ಟಿಯ ಮಧ್ಯದಲ್ಲಿ ಒಂದು ತೂತು ಇದೆ. ಅವುಗಳನ್ನು ಸಾಲಾಗಿ ಒಂದು ಕೊಳವೆಗೆ ಪೋಣಿಸಿ ಬೆಸೆದಿರುತ್ತಾರೆ. ಕೊಳವೆ ತಾಮ್ರಕ್ಕೆ ಸ್ವಲ್ಪ ಕ್ರೋಮಿಯಂ, ಜಿರ್ಕೋನಿಯಂ ಬೆರೆಸಿದ ಮಿಶ್ರಲೋಹದ್ದು. ನ್ಯೂಟ್ರಾನ್ ಹೊಡೆತದ ನಡುವೆ ಅದು ಸುಮಾರು 350 ಡಿಗ್ರಿ ದಾಟಿದರೆ ಮೆತ್ತಗಾಗುತ್ತಾ ಹೋಗುತ್ತದೆ. ತಾಮ್ರ ಟಂಗ್‌ಸ್ಟನ್‌ಗಿಂತ ಮೂರು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಆದ್ದರಿಂದ ಬೆಸುಗೆಯ ಜಾಗದಲ್ಲಿ ಪ್ರತಿ ಸಲವೂ ಜಗ್ಗಾಟ. ಅದಕ್ಕಾಗಿಯೇ ನಡುವೆ ಮೃದುವಾದ ಶುದ್ಧ ತಾಮ್ರದ ಪದರ ಇಟ್ಟಿರುತ್ತಾರೆ. ಬೆಸುಗೆ ಎಲ್ಲಾದರೂ ಬಿಟ್ಟುಕೊಂಡರೆ ಶಾಖ ನೀರಿಗೆ ಇಳಿಯುವ ದಾರಿ ಮುಚ್ಚುತ್ತದೆ, ಮೇಲಿನ ಟಂಗ್‌ಸ್ಟನ್ ಬೇಗ ಕಾಯುತ್ತದೆ. ಆದ್ದರಿಂದ ಗೋಡೆಯ ಮಿತಿಯನ್ನು ನಿರ್ಧರಿಸುವುದು ಟಂಗ್‌ಸ್ಟನ್‌ನ ಕರಗುವ ಬಿಂದು ಅಲ್ಲ. ಅದರ ಹರಳು, ಬೆಸುಗೆ, ತಾಮ್ರ, ನೀರಿನ ಹರಿವು ಇವೇ.

ಬಿರುಕು ಬಿಟ್ಟರೆ ಆ ಗಟ್ಟಿ ಕೆಲಸಕ್ಕೆ ಬಾರದೇ?

ಬಿರುಕು ಯಾವ ದಿಕ್ಕಿಗಿದೆ ಎಂಬುದನ್ನು ನೋಡಬೇಕು. ಪರೀಕ್ಷೆಗಳಲ್ಲಿ 20 ಮೆಗಾವಾಟ್‌ನ ನೂರಾರು ಸುತ್ತುಗಳ ನಂತರ ಎಷ್ಟೋ ಗಟ್ಟಿಗಳು ಮೇಲಿಂದ ಕೊಳವೆಯ ಕಡೆಗೆ ನೇರವಾಗಿ ಸೀಳಿವೆ. ನೋಡಲು ಭಯವಾಗುತ್ತದೆ. ಆದರೆ ಶಾಖ ಹರಿಯುವುದೂ ಅದೇ ದಿಕ್ಕಿನಲ್ಲಿ, ಆದ್ದರಿಂದ ಸೀಳು ಅದಕ್ಕೆ ಅಡ್ಡ ಬರುವುದಿಲ್ಲ. ಗಟ್ಟಿ ಶಾಖ ಸಾಗಿಸುತ್ತಲೇ ಇರುತ್ತದೆ. ಮೇಲ್ಮೈಗೆ ಸಮಾನಾಂತರವಾಗಿ ಅಡ್ಡ ಬಿರುಕು ಬಂದರೆ ಮಾತ್ರ ಕಷ್ಟ. ಅದರ ಮೇಲಿನ ತೆಳು ಭಾಗಕ್ಕೆ ತಂಪು ಸಿಗದೆ ಅದು ಕಾದು ಕರಗಬಹುದು, ಚಕ್ಕೆಯಾಗಿ ಎದ್ದು ಬೀಳಬಹುದು.

ಗಟ್ಟಿಗಳ ಅಂಚು ಮೊದಲು ಕೆಡುತ್ತದೆ ಎನ್ನುತ್ತಾರೆ. ಯಾಕೆ?

ಕಾಂತರೇಖೆಗಳು ಗೋಡೆಗೆ ಕೆಲವೇ ಡಿಗ್ರಿ ಓರೆಯಲ್ಲಿ ಸವರಿಕೊಂಡು ಬರುತ್ತವೆ. ಇದರಿಂದ ಶಾಖ ಅಗಲವಾಗಿ ಹರಡುತ್ತದೆ, ಒಳ್ಳೆಯದೇ. ಆದರೆ ಲಕ್ಷಾಂತರ ಗಟ್ಟಿಗಳನ್ನು ಜೋಡಿಸುವಾಗ ಒಂದು ಗಟ್ಟಿ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಎತ್ತರ ಇದ್ದರೂ ಅದರ ಪಕ್ಕೆ ರೇಖೆಗಳಿಗೆ ಎದುರಾಗಿ ನಿಲ್ಲುತ್ತದೆ. ಓರೆಯ ಲಾಭ ಅಲ್ಲಿ ಇಲ್ಲ. ಮೇಲ್ಮೈಗೆ ಬೀಳುವುದಕ್ಕಿಂತ ಹತ್ತು ಇಪ್ಪತ್ತು ಪಟ್ಟು ಶಾಖ ಆ ಅಂಚಿಗೆ ಬೀಳುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಸರಳ, ನನಗೆ ಬಹಳ ಇಷ್ಟವಾದದ್ದು. ಐಟರ್‌ನಲ್ಲಿ ಪ್ರತಿ ಗಟ್ಟಿಯ ತಲೆಯನ್ನು ಒಂದು ಬದಿಗೆ ಅರ್ಧ ಮಿಲಿಮೀಟರ್ ಇಳಿಜಾರು ಮಾಡುತ್ತಾರೆ. ಆಗ ಒಂದು ಗಟ್ಟಿಯ ಎತ್ತರದ ಬದಿ ಮುಂದಿನದರ ಅಂಚಿಗೆ ನೆರಳು ಕೊಡುತ್ತದೆ. ಬೆಲೆಯೂ ಇದೆ. ಇಳಿಜಾರು ಮಾಡಿದ್ದರಿಂದ ಓರೆಯ ಕೋನ ಸ್ವಲ್ಪ ಹೆಚ್ಚಿ, ಉಳಿದ ಮೇಲ್ಮೈಗೆ ಬೀಳುವ ಶಾಖ ಏರುತ್ತದೆ.

ಇಎಲ್‌ಎಂ ಅಂದರೆ ಏನು?

ಪ್ಲಾಸ್ಮಾದ ಅಂಚಿನಲ್ಲಿ ಆಗಾಗ ಸಿಡಿಯುವ ಶಾಖದ ಹೊಡೆತ. ಜರ್ಮನಿಯ ಗಾರ್ಖಿಂಗ್‌ನಲ್ಲಿದ್ದ ಆಸ್ಡೆಕ್ಸ್ ಯಂತ್ರದಲ್ಲಿ 1982ರಲ್ಲಿ, ಶಾಖವನ್ನು ಹೆಚ್ಚು ಚೆನ್ನಾಗಿ ಹಿಡಿದಿಡುವ ಎಚ್-ಮೋಡ್ ಎಂಬ ಸ್ಥಿತಿ ಕಂಡುಬಂತು. ಆ ಸ್ಥಿತಿಯಲ್ಲಿ ಅಂಚಿನ ಒತ್ತಡ ಏರುತ್ತಾ ಹೋಗಿ, ಒಂದು ಮಿತಿ ದಾಟಿದಾಗ ಸಿಡಿಯುತ್ತದೆ. ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಡೈವರ್ಟರ್ ಮೇಲೆ ಶಾಖ ಸುರಿಯುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ನೀರಿನ ತಂಪು ಮೇಲ್ಮೈಗೆ ಮುಟ್ಟುವುದಿಲ್ಲ. ಮೇಲಿನ ತೆಳು ಪದರ ಒಂಟಿಯಾಗಿ ಏಟು ತಿನ್ನುತ್ತದೆ.

ಒಂದೊಂದು ಹೊಡೆತ ಕರಗಿಸುವಷ್ಟು ದೊಡ್ಡದಾಗಿ ಇರಬೇಕಾಗಿಲ್ಲ. ಒಂದು ಏಟಿಗೆ ಜಗ್ಗದ ಟಂಗ್‌ಸ್ಟನ್ ಲಕ್ಷಾಂತರ ಸಣ್ಣ ಏಟುಗಳಿಗೆ ಒರಟಾಗಿ ಬಿರುಕಿನ ಬಲೆ ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಯೂಲಿಖ್‌ನಲ್ಲಿ ಎಲೆಕ್ಟ್ರಾನ್ ಕಿರಣದಿಂದ ನಡೆಸಿದ ಪರೀಕ್ಷೆಗಳು ತೋರಿಸಿವೆ. ಇದನ್ನು ತಗ್ಗಿಸಲು ಐಟರ್ ಒಳಗೆ 27 ವಿಶೇಷ ಸುರುಳಿಗಳನ್ನು ಇಡುತ್ತಾರೆ. ಅವು ಅಂಚಿನ ಕಾಂತಕ್ಷೇತ್ರವನ್ನು ಸ್ವಲ್ಪ ಕದಡಿ ಒತ್ತಡ ಸೋರಿಹೋಗುವಂತೆ ಮಾಡುತ್ತವೆ.

ಪ್ಲಾಸ್ಮಾ ಇದ್ದಕ್ಕಿದ್ದಂತೆ ಕುಸಿದರೆ?

ಇದನ್ನು ಡಿಸ್ರಪ್ಷನ್ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಗೋಡೆಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಮೊದಲೇ ಹೇಳಿದ 350 ಮೆಗಾಜೂಲ್ ಕೆಲವೇ ಮಿಲಿಸೆಕೆಂಡಿನಲ್ಲಿ ಹೊರಬರುತ್ತದೆ. ಆಮೇಲೆ ಪ್ಲಾಸ್ಮಾದಲ್ಲಿ ಹರಿಯುತ್ತಿದ್ದ 1.5 ಕೋಟಿ ಆಂಪಿಯರ್ ಕರೆಂಟ್ ಕುಸಿಯುತ್ತದೆ. ಆ ಕುಸಿತದಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಹಿಡಿತ ತಪ್ಪಿ ಬೆಳಕಿನ ವೇಗದ ಹತ್ತಿರಕ್ಕೆ ಓಡುತ್ತವೆ. ಅವು ಗೋಡೆಗೆ ಬಡಿದರೆ ಮೇಲ್ಮೈಯಲ್ಲಿ ನಿಲ್ಲದೆ ಒಳಗೆ ಇಳಿಯುತ್ತವೆ. ಕೆಳಗಿನ ನೀರಿನ ಕೊಳವೆಯ ಮೇಲೂ ಅಪಾಯ ಬರಬಹುದು.

ಐಟರ್‌ನ ತಡೆ ಹೀಗಿದೆ: ಕುಸಿತದ ಸುಳಿವು ಸಿಕ್ಕ ಕೂಡಲೇ ಹೆಪ್ಪುಗಟ್ಟಿದ ಹೈಡ್ರೋಜನ್ ಮತ್ತು ನಿಯಾನ್ ಗುಂಡನ್ನು ಚೂರುಚೂರು ಮಾಡಿ ಒಳಗೆ ಹಾರಿಸುವುದು. ನಿಯಾನ್ ಶಾಖವನ್ನು ಬೆಳಕಾಗಿ ಎಲ್ಲ ಕಡೆಗೂ ಚೆಲ್ಲುತ್ತದೆ. ಜೆಟ್ ಯಂತ್ರ 2023ರ ಡಿಸೆಂಬರ್‌ನಲ್ಲಿ ಕೆಲಸ ನಿಲ್ಲಿಸುವ ಮುನ್ನ ಬೇಕೆಂದೇ ಇಂಥ ಎಲೆಕ್ಟ್ರಾನ್‌ಗಳನ್ನು ಒಳಗೋಡೆಗೆ ಹೊಡೆಸಿ ಹಾನಿಯನ್ನು ಅಭ್ಯಾಸ ಮಾಡಿದರು. ಓಡುತ್ತಿರುವ ಯಂತ್ರದಲ್ಲಿ ಯಾರೂ ಒಪ್ಪದ ಪ್ರಯೋಗ ಅದು.

ಟಂಗ್‌ಸ್ಟನ್ ನಿಜವಾಗಿ ಕರಗಿದ್ದನ್ನು ಯಾರಾದರೂ ನೋಡಿದ್ದಾರಾ?

ಹೌದು. 2013ರಲ್ಲಿ ಜೆಟ್‌ನಲ್ಲೇ ಡೈವರ್ಟರ್‌ನ ಒಂದು ಪಟ್ಟಿಯ ಅಂಚನ್ನು ಬೇಕೆಂದೇ ಶಾಖಕ್ಕೆ ಒಡ್ಡಿ ಕರಗಿಸಿದರು. ಮುಖ್ಯವಾಗಿ ಇಎಲ್‌ಎಂ ಹೊಡೆತಗಳಿಗೆ ಅಂಚು ಸ್ವಲ್ಪ ಸ್ವಲ್ಪವಾಗಿ ಕರಗಿತು. ಲೋಹದಲ್ಲಿ ಹರಿಯುವ ಕರೆಂಟ್‌ಗೂ ಕಾಂತಕ್ಷೇತ್ರಕ್ಕೂ ಸೇರಿ ಬರುವ ಬಲ ಆ ದ್ರವವನ್ನು ಪಕ್ಕಕ್ಕೆ ತಳ್ಳಿತು. ಸಣ್ಣ ಹನಿಗಳು ಹಾರಿದವು. ಆದರೆ ಪ್ಲಾಸ್ಮಾ ಕುಸಿಯಲಿಲ್ಲ. ಒಂದು ಚೂರು ಕರಗಿದ ಮಾತ್ರಕ್ಕೆ ಯಂತ್ರ ನಿಲ್ಲಬೇಕಾಗಿಲ್ಲ ಎಂಬ ಧೈರ್ಯ ಅದರಿಂದ ಬಂತು. ಆದರೆ ಕರಗಿದ ಜಾಗ ಗಟ್ಟಿಯಾದಾಗ ಉಬ್ಬು ತಗ್ಗಾಗುತ್ತದೆ. ಆ ಉಬ್ಬೇ ಮುಂದಿನ ಸಲ ಶಾಖಕ್ಕೆ ಹೊಸ ಅಂಚು.

ಹೀಲಿಯಂನಿಂದ ಟಂಗ್‌ಸ್ಟನ್ ಮೇಲೆ ನಯವಾದ ಜುಂಗು ಬೆಳೆಯುತ್ತದಂತೆ, ನಿಜವೇ?

ನಿಜ. ಸುಮಾರು 700ರಿಂದ 1,700 ಡಿಗ್ರಿಯ ನಡುವೆ ಹೀಲಿಯಂ ಬಡಿಯುತ್ತಿದ್ದರೆ ಒಳಗೆ ಗುಳ್ಳೆಗಳು ಎದ್ದು, ಮೇಲೆ ನ್ಯಾನೊ ಗಾತ್ರದ ಎಳೆಗಳು ಹುಟ್ಟುತ್ತವೆ. ಹೊಳೆಯುವ ಲೋಹ ಕಪ್ಪಾಗುತ್ತದೆ. ಆ ಜುಂಗು ಶಾಖವನ್ನು ಕೆಳಗೆ ಸರಿಯಾಗಿ ಸಾಗಿಸುವುದಿಲ್ಲ.

ನ್ಯೂಟ್ರಾನ್‌ಗಳು ಶಾಖದ ಹಾನಿಯನ್ನು ಹೆಚ್ಚಿಸುತ್ತವೆಯೇ?

ಹೆಚ್ಚಿಸುತ್ತವೆ. ಹರಳಿನಲ್ಲಿರುವ ಪರಮಾಣುಗಳನ್ನು ಜಾಗದಿಂದ ಕೀಳುತ್ತವೆ. ಟಂಗ್‌ಸ್ಟನ್ನನ್ನೇ ನಿಧಾನಕ್ಕೆ ರೀನಿಯಂ, ಆಸ್ಮಿಯಂ ಆಗಿ ಬದಲಿಸುತ್ತವೆ. ಲೋಹ ಇನ್ನಷ್ಟು ಪೆಡಸಾಗುತ್ತದೆ, ಶಾಖ ಸಾಗಿಸುವ ಶಕ್ತಿ ತಗ್ಗುತ್ತದೆ. ಹೊಸತಿದ್ದಾಗ ಸಲೀಸಾಗಿ ತಾಳಿದ ಶಾಖವೇ ಆಮೇಲೆ ಹೆಚ್ಚಾಗಬಹುದು. ಇವತ್ತಿನ ಶಾಖ ಪರೀಕ್ಷೆಗಳಲ್ಲಿ ಬಹುಪಾಲು ನ್ಯೂಟ್ರಾನ್ ಹೊಡೆತ ತಿನ್ನದ ಹೊಸ ಗಟ್ಟಿಗಳ ಮೇಲೆ ನಡೆದಿವೆ. ಈ ಕೊರತೆ ತುಂಬಲು ಸ್ಪೇನ್‌ನ ಗ್ರನಾಡಾದಲ್ಲಿ ಇಫ್ಮಿಫ್-ಡೋನ್ಸ್ ಎಂಬ ನ್ಯೂಟ್ರಾನ್ ಕೇಂದ್ರ ಕಟ್ಟಲಾಗುತ್ತಿದೆ.

2025ರಲ್ಲಿ ವೆಸ್ಟ್ ಯಂತ್ರ 22 ನಿಮಿಷ ಓಡಿತಲ್ಲ. ಗೋಡೆಯ ಸಮಸ್ಯೆ ಮುಗಿದಂತೆಯೇ?

ಅದು ದೊಡ್ಡ ಸಾಧನೆ. ಫ್ರಾನ್ಸ್‌ನ ವೆಸ್ಟ್‌ನಲ್ಲಿ ಐಟರ್ ಮಾದರಿಯದೇ ಟಂಗ್‌ಸ್ಟನ್ ಡೈವರ್ಟರ್ ಇದೆ. ಫೆಬ್ರವರಿಯಲ್ಲಿ ಅದು 1,337 ಸೆಕೆಂಡ್ ಪ್ಲಾಸ್ಮಾ ಹಿಡಿದಿಟ್ಟಿತು. ನೀರಿನ ತಂಪು, ಬೆಸುಗೆ, ಜೋಡಣೆ ಎಲ್ಲ ಅಷ್ಟು ಹೊತ್ತು ನಿಂತವು. ಆದರೆ ಒಳಗೆ ಕೊಟ್ಟ ತಾಪನ 2 ಮೆಗಾವಾಟ್. ಐಟರ್‌ನಲ್ಲಿ ಗೋಡೆಗೆ ಬರುವುದು 150. ಹೊತ್ತು ಮತ್ತು ಶಕ್ತಿ ಎರಡನ್ನೂ ಒಟ್ಟಿಗೆ ತಾಳುವ ಪರೀಕ್ಷೆ ಇನ್ನೂ ಬಾಕಿ ಇದೆ.

ಗೋಡೆಗೆ ಬೀಳುವ ಶಾಖವನ್ನೇ ಕಡಿಮೆ ಮಾಡಲು ಆಗುವುದಿಲ್ಲವೇ?

ಆಗುತ್ತದೆ, ಮಾಡಲೇಬೇಕು. ಡೈವರ್ಟರ್ ಹತ್ತಿರ ಸ್ವಲ್ಪ ನೈಟ್ರೋಜನ್, ನಿಯಾನ್ ಅಥವಾ ಆರ್ಗಾನ್ ಅನಿಲ ಬಿಡುತ್ತಾರೆ. ಬಿಸಿ ಕಣಗಳು ಅದಕ್ಕೆ ಡಿಕ್ಕಿ ಹೊಡೆದು ತಮ್ಮ ಶಕ್ತಿಯನ್ನು ಬೆಳಕಾಗಿ ಕಳೆದುಕೊಳ್ಳುತ್ತವೆ. ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ, ತೆಳು ಪಟ್ಟಿಯ ಹೊರೆ ಇಳಿಯುತ್ತದೆ. ಚೆನ್ನಾಗಿ ನಡೆದರೆ ಪ್ಲಾಸ್ಮಾ ಗೋಡೆ ಮುಟ್ಟುವ ಮೊದಲೇ ತಣ್ಣಗಾಗಿ ಅದರಿಂದ ಕಳಚಿಕೊಳ್ಳುತ್ತದೆ. ಅನಿಲ ಜಾಸ್ತಿಯಾದರೆ ನಡುವಿನ ಪ್ಲಾಸ್ಮಾವೂ ತಣ್ಣಗಾಗುತ್ತದೆ, ಡಿಸ್ರಪ್ಷನ್ ಆಗಬಹುದು. ಕಡಿಮೆಯಾದರೆ ಗೋಡೆ ಸುಡುತ್ತದೆ. ಈ ಅಳತೆಯನ್ನು ಕ್ಷಣಕ್ಷಣಕ್ಕೂ ಸರಿಹೊಂದಿಸಬೇಕು.

ಓಡುವಾಗ ಗೋಡೆಯ ಬಿಸಿ ಅಳೆಯುವುದು ಹೇಗೆ?

ಇನ್‌ಫ್ರಾರೆಡ್ ಕ್ಯಾಮೆರಾಗಳಿಂದ. ಆದರೆ ಟಂಗ್‌ಸ್ಟನ್ ಕನ್ನಡಿಯ ಹಾಗೆ ಹೊಳೆಯುತ್ತದೆ. ಬೇರೆ ಕಡೆಯ ಬಿಸಿ ಅದರಲ್ಲಿ ಪ್ರತಿಫಲಿಸಿ ಇಲ್ಲದ ಬಿಸಿ ಕಾಣಿಸಬಹುದು. ಮೇಲ್ಮೈ ಒರಟಾದರೆ, ಪದರ ಕೂತರೆ ಅದು ಸೂಸುವ ಕಿರಣದ ಪ್ರಮಾಣವೂ ಬದಲಾಗುತ್ತದೆ. ಹಾಗಾಗಿ ಕ್ಯಾಮೆರಾ ಒಂದನ್ನೇ ನಂಬದೆ ಒಳಗೆ ಹುದುಗಿಸಿದ ತಾಪಮಾಪಕಗಳು, ಹೊರಬರುವ ನೀರಿನ ಬಿಸಿ ಎರಡನ್ನೂ ಜೊತೆಗೆ ನೋಡುತ್ತಾರೆ.

ಗೋಡೆ ತೂತಾದರೆ ಸ್ಫೋಟ ಆಗುತ್ತದೆಯೇ?

ಪ್ಲಾಸ್ಮಾ ಸ್ಫೋಟಿಸುವುದಿಲ್ಲ. ಗಾಳಿಯೋ ನೀರೋ ಒಳಗೆ ಬಂದರೆ ಆ ಕ್ಷಣವೇ ಆರಿಹೋಗುತ್ತದೆ. ಗಮನ ಕೊಡಬೇಕಾದದ್ದು ಬೇರೆ ಕಡೆ. ಒಡೆದ ಕೊಳವೆಯ ನೀರು ಹಬೆಯಾಗಿ ಬಿಸಿ ಲೋಹದ ಧೂಳಿಗೆ ತಾಗಿದರೆ ಹೈಡ್ರೋಜನ್ ಹುಟ್ಟಬಹುದು. ಧೂಳಿನಲ್ಲಿ ಟ್ರಿಟಿಯಂ ಕೂಡ ಇರುತ್ತದೆ. ಅದಕ್ಕೇ ಒಳಗೆ ಎಷ್ಟು ಧೂಳು, ಎಷ್ಟು ಟ್ರಿಟಿಯಂ ಸೇರಿದೆ ಎಂಬುದಕ್ಕೆ ಮಿತಿ ಹಾಕಿರುತ್ತಾರೆ.

ದ್ರವ ಲೋಹದ ಗೋಡೆ ಮಾಡಿದರೆ ಬಿರುಕಿನ ತಲೆನೋವೇ ಇಲ್ಲ ಅಲ್ವಾ?

ಆಸೆ ಹುಟ್ಟಿಸುವ ದಾರಿ. ಸಣ್ಣ ರಂಧ್ರಗಳಿರುವ ಟಂಗ್‌ಸ್ಟನ್ ಜಾಲರಿಯಲ್ಲಿ ಲಿಥಿಯಂ ಅಥವಾ ತವರವನ್ನು ಹೀರಿಸಿಟ್ಟರೆ ಮೇಲ್ಮೈ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ. ಲಿಥಿಯಂ 181 ಡಿಗ್ರಿಗೆ, ತವರ 232ಕ್ಕೆ ಕರಗುತ್ತವೆ. ಆದರೆ ಲಿಥಿಯಂ ಬೇಗ ಆವಿಯಾಗುತ್ತದೆ, ಟ್ರಿಟಿಯಂ ಹೀರುತ್ತದೆ, ನೀರು ತಾಗಿದರೆ ಉರಿಯುತ್ತದೆ. ತವರ ಭಾರದ ಲೋಹ, ಪ್ಲಾಸ್ಮಾಕ್ಕೆ ಸೇರಿದರೆ ಟಂಗ್‌ಸ್ಟನ್‌ನಂತೆಯೇ ಕಾಟ. ಕಾಂತಕ್ಷೇತ್ರದ ಬಲಕ್ಕೆ ದ್ರವ ಚಿಮ್ಮದಂತೆ ಹಿಡಿಯುವುದೂ ಸುಲಭವಲ್ಲ. ಇದರ ಮೇಲೆ ಇನ್ನಷ್ಟು ಕೆಲಸ ಆಗಬೇಕು ಎಂಬುದು ನನ್ನ ಅಭಿಪ್ರಾಯ, ಆದರೆ ಹತ್ತಿರದ ರಿಯಾಕ್ಟರ್‌ಗಳು ಘನ ಟಂಗ್‌ಸ್ಟನ್ನನ್ನೇ ನಂಬಬೇಕಾಗುತ್ತದೆ.

ಕೆಟ್ಟ ಭಾಗವನ್ನು ಬದಲಾಯಿಸುವುದು ಹೇಗೆ?

ಟ್ರಿಟಿಯಂ ಬಳಸಿ ಓಡಿಸಿದ ಮೇಲೆ ಮನುಷ್ಯರು ಒಳಗೆ ಹೋಗುವಂತಿಲ್ಲ. ಎಲ್ಲವನ್ನೂ ದೂರದಿಂದ ನಡೆಸುವ ಯಂತ್ರದ ಕೈಗಳೇ ಮಾಡಬೇಕು. ಜೆಟ್‌ನಲ್ಲಿ ಮಾಸ್ಕಾಟ್ ಎಂಬ ಎರಡು ಕೈಗಳ ರೋಬಾಟ್ ಈ ಕೆಲಸ ಮಾಡುತ್ತಿತ್ತು. ಐಟರ್ ಡೈವರ್ಟರನ್ನು 54 ತುಂಡುಗಳಾಗಿ ಮಾಡಿದ್ದಾರೆ. ಒಂದೊಂದೂ ಹಲವು ಟನ್ ತೂಕ. ನೀರಿನ ಕೊಳವೆ ಕತ್ತರಿಸಿ, ಕೆಳಗಿನ ಬಾಗಿಲುಗಳಿಂದ ಒಂದೊಂದಾಗಿ ಹೊರಗೆಳೆದು, ಹೊಸದನ್ನು ಕೂರಿಸಿ, ಮತ್ತೆ ಬೆಸೆದು, ಸೋರಿಕೆ ಇಲ್ಲವೆಂದು ಪರೀಕ್ಷಿಸಬೇಕು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಅಷ್ಟೂ ಕಾಲ ಯಂತ್ರ ನಿಂತಿರುತ್ತದೆ. ಮುಂದೆ ಬರುವ ವಿದ್ಯುತ್ ಸ್ಥಾವರದಲ್ಲಿ ಡೈವರ್ಟರ್ ಎರಡು ವರ್ಷ ಬಾಳುತ್ತದೋ ಐದು ವರ್ಷವೋ ಎಂಬುದರ ಮೇಲೆ ಆ ಕರೆಂಟಿನ ಬೆಲೆ ಬಹಳಷ್ಟು ನಿಂತಿದೆ.